ಇತರೆ ಶುಲ್ಕದ ಮ್ಯಾನೇಜರ್ ಮಾಮ

ಬೆಂಗಳೂರು ವಿಜಯನಗರದ ನಮ್ಮ ಅಡ್ಡರಸ್ತೆಯಲ್ಲಿ ನಾಯಿ ಸಾಕಿದವರು ಊರಿಗೆ ಹೊರಡಬೇಕಾದರೆ ರೈಲಿನ ಟಿಕೆಟ್‌ಗಿಂತ ಮೊದಲು ಮ್ಯಾನೇಜರ್ ಮಾಮನನ್ನು ಬುಕ್ ಮಾಡುತ್ತಾರೆ. ಬ್ಯಾಂಕಿನಿಂದ ನಿವೃತ್ತರಾದವರು. ಪಿಂಚಣಿ ಬರುತ್ತದೆ, ಮಕ್ಕಳು ಅಮೆರಿಕದಲ್ಲಿದ್ದಾರೆ, ಹೊತ್ತು ಹೋಗಬೇಕಲ್ಲ. ಯಜಮಾನರಿಲ್ಲದ ಮನೆಯ ನಾಯಿ, ಬೆಕ್ಕುಗಳನ್ನು ಅಕ್ಕರೆಯಿಂದ ನೋಡಿಕೊಳ್ಳುತ್ತಾರೆ. ಅಕ್ಕರೆ ಪುಕ್ಕಟೆ. ಮಿಕ್ಕದ್ದಕ್ಕೆಲ್ಲ ದರ ಇದೆ.

ದಿನಕ್ಕೆ ಎರಡು ಸಲ ಬಂದು ಊಟ ಹಾಕಿ, ನೀರಿಟ್ಟು, ಅರ್ಧ ಗಂಟೆ ಓಡಾಡಿಸಿದರೆ 400 ರೂಪಾಯಿ. ಇದು ಮೂಲ ಸೇವೆ. ಅದರಾಚೆಗೆ ಏನು ಮಾಡಿದರೂ ‘ಇತರೆ ಶುಲ್ಕ’ದ ಬಾಬ್ತು. ಬರೀ ಬಾಯಿಲೆಕ್ಕವಲ್ಲ, ಕೆಂಪು ಅಂಚಿನ ಅಸಲಿ ಲೆಡ್ಜರ್ ಇಟ್ಟಿದ್ದಾರೆ. ದಿನಾಂಕ, ನಾಯಿಯ ಹೆಸರು, ಖರ್ಚು, ಜಮಾ. ಎಲ್ಲಾದರೂ ಚಿತ್ತಾದರೆ ಪಕ್ಕದಲ್ಲಿ ಪುಟ್ಟ ಸಹಿ.

ಬೀಗದ ಕೈ ಕೊಡುವ ಹೊತ್ತಿನ ಸಂಭಾಷಣೆ ಕೇಳಬೇಕು.

“ಅಂಕಲ್, ಹೇಗೂ ಬರ್ತೀರಲ್ಲ, ತುಳಸಿಗೆ ಒಂದು ಚೊಂಬು ನೀರು ಹಾಕ್ಬಿಡಿ.”

“ಹಾಕೋಣಮ್ಮ. ಹತ್ತು ರೂಪಾಯಿ.”

“ತುಳಸಿಗೂ ದುಡ್ಡಾ?”

“ತುಳಸಿಗಲ್ಲಮ್ಮ, ಚೊಂಬಿಗೆ. ಪ್ರದಕ್ಷಿಣೆ ಬೇಕಾದ್ರೆ ಬೇರೆ.”

ಗ್ಯಾಸ್ ಸಿಲಿಂಡರ್ ಇಳಿಸಿಕೊಂಡರೆ 30. ಕೊರಿಯರ್ ಪಡೆದರೆ 20. ಒಟಿಪಿಗಾಗಿ ನಿಮಗೆ ಫೋನ್ ಮಾಡಬೇಕಾಗಿ ಬಂದರೆ 25. ಕಾವೇರಿ ನೀರು ನಡುರಾತ್ರಿ ಬಂದು ಸಂಪಿನ ವಾಲ್ವ್ ತಿರುಗಿಸಬೇಕೆಂದರೆ 100. ಮುಧೋಳ ನಾಯಿಗೆ ವಾಕಿಂಗ್ ದರ ಅನ್ವಯಿಸುವುದಿಲ್ಲ. ಬೇಟೆಗೆಂದೇ ಬೆಳೆಸಿದ ತಳಿ; ಅಳಿಲು ಕಂಡಿತೋ, ಅಲ್ಲಿಂದಾಚೆ ಕಿಲೋಮೀಟರ್ ಲೆಕ್ಕ.

ಮೊದಮೊದಲು ಹೀಗಿರಲಿಲ್ಲವಂತೆ. ಕೇಳಿದ್ದನ್ನೆಲ್ಲ ಸಂಕೋಚಕ್ಕೆ ಮಾಡಿಕೊಡುತ್ತಿದ್ದರು. ಒಮ್ಮೆ ಒಂದು ಸಂಸಾರ ತಿರುಪತಿಗೆ ಹೊರಟಾಗ ನಾಯಿಯ ಜೊತೆ ಅಜ್ಜಿಯನ್ನೂ ಬಿಟ್ಟು ಹೋಯಿತು. “ಹೇಗೂ ಬರ್ತೀರಲ್ಲ ಅಂಕಲ್, ಅಜ್ಜಿಗೆ ಬಿ.ಪಿ. ಮಾತ್ರೆ ಒಂದು ಕೊಟ್ಬಿಡಿ.” ಮಾತ್ರೆ ಕೊಟ್ಟರು. ಅಜ್ಜಿಗೆ ಕಾಫಿ ಬೇಕೆನಿಸಿತು. ಮಾಡಿಕೊಟ್ಟರು. ಡಿಕಾಕ್ಷನ್ ತೆಳುವಾಯಿತೆಂದು ಬೈಸಿಕೊಂಡರು. ಮರುದಿನ ಲೆಡ್ಜರ್ ಖರೀದಿಯಾಯಿತು.

ಎಷ್ಟು ದುಡ್ಡು ಕೊಟ್ಟರೂ ಮಾಡದ ಕೆಲಸಗಳೂ ಇವೆ. “ನಮ್ ಟಾಮಿಗೆ ಈರುಳ್ಳಿ ಸಾಂಬಾರ್ ಅಂದ್ರೆ ಪ್ರಾಣ” ಎಂದವರಿಗೆ, “ಹೌದು, ಪ್ರಾಣವೇ ಹೋಗೋದು” ಎನ್ನುತ್ತಾರೆ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಹಾಳು ಮಾಡುತ್ತವೆ. ಪಾಯಸದ ದ್ರಾಕ್ಷಿ ಮೂತ್ರಪಿಂಡಕ್ಕೇ ಕೈ ಹಾಕುತ್ತದೆ. ಇದನ್ನೆಲ್ಲ ಅವರು ಸಾಲದ ಷರತ್ತು ಓದಿದ ಹಾಗೆ ನಿಧಾನವಾಗಿ ಓದಿ ಹೇಳಿ, ಕೊನೆಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಔಷಧಿಗಾದರೆ ಇಲ್ಲವೆನ್ನುವುದಿಲ್ಲ. ಮೂರನೇ ಮನೆಯ ಮಧುಮೇಹಿ ಬೆಕ್ಕಿಗೆ 12 ಗಂಟೆಗೊಮ್ಮೆ ಇನ್ಸುಲಿನ್. ಚುಚ್ಚುವುದಕ್ಕೆ 50, ಬೆಕ್ಕನ್ನು ಹಿಡಿಯುವುದಕ್ಕೆ 100. ಯಜಮಾನರು ಹೋದ ಬೇಸರಕ್ಕೆ ಅದು ಊಟ ಬಿಟ್ಟರೆ ‘ಓಲೈಕೆ’ ಎಂಬ ಇನ್ನೊಂದು ಬಾಬ್ತು ತೆರೆಯುತ್ತದೆ. ಇದರಲ್ಲಿ ನಗುವಂಥದ್ದೇನೂ ಇಲ್ಲ. ಬೆಕ್ಕು ಎರಡು ಮೂರು ದಿನ ಉಪವಾಸವಿದ್ದರೆ ಯಕೃತ್ತು ಕೆಡಬಹುದು. ಅದಕ್ಕೇ ಮಾಮ ನೆಲದ ಮೇಲೆ ಚಕ್ಕಳಮಕ್ಕಳ ಕೂತು, ತಾವು ಶುದ್ಧ ಸಸ್ಯಾಹಾರಿಯಾದರೂ, ಮೀನಿನ ಡಬ್ಬಿ ಹಿಡಿದು ಬೆಕ್ಕಿಗೆ ಉಪಚಾರ ಹೇಳುತ್ತಾರೆ.

ವಿಡಿಯೊ ಕಾಲ್‌ಗೆ 15 ರೂಪಾಯಿ. “ಟಾಮಿ ನನ್ನ ಮುಖಾನೇ ನೋಡ್ಲಿಲ್ಲ, ಅದಕ್ಕೂ ದುಡ್ಡಾ?” ಎಂದು ಯಾರೋ ತಗಾದೆ ತೆಗೆದರು. ತೋರಿಸುವುದು ತಮ್ಮ ಕೆಲಸ, ನೋಡುವುದು ಟಾಮಿಗೆ ಬಿಟ್ಟದ್ದು ಎಂದು ಮಾಮ ರಸೀದಿ ಹರಿದು ಕೊಟ್ಟರು. ಜಿ.ಎಸ್.ಟಿ. ಯಾಕೆ ಹಾಕಿಲ್ಲ ಎಂದು ಅಣಕಿಸಿದವರಿಗೂ ಉತ್ತರ ಸಿದ್ಧವಿತ್ತು: “ವರ್ಷದ ವಹಿವಾಟು 20 ಲಕ್ಷ ದಾಟಲಿ, ಖಂಡಿತ ಹಾಕ್ತೀನಿ.”

ಇತರೆ ಶುಲ್ಕಗಳಲ್ಲಿ ಎಲ್ಲಕ್ಕಿಂತ ದುಬಾರಿಯದು ‘ಪಟಾಕಿ ಭತ್ಯೆ’, ರಾತ್ರಿಗೆ 300. ದೀಪಾವಳಿಯಲ್ಲಿ ಬೀದಿಯವರೆಲ್ಲ ಲಕ್ಷ್ಮೀಪಟಾಕಿ ಹಚ್ಚುವಾಗ ಮಾಮ ಬಾಗಿಲು, ಕಿಟಕಿ ಮುಚ್ಚಿ, ಟಿ.ವಿ. ಜೋರಾಗಿ ಹಾಕಿ, ಮಂಚದಡಿ ನಡುಗುವ ಲ್ಯಾಬ್ರಡಾರ್‌ನ ಪಕ್ಕ ತಾವೂ ಬೋರಲು ಮಲಗಿರುತ್ತಾರೆ. ಆ ವಯಸ್ಸಿನಲ್ಲಿ ಮಂಚದಡಿಗೆ ತೂರುವುದೇ ಒಂದು ಸಾಹಸ, ಹೊರಬರುವುದು ಇನ್ನೊಂದು. ಆ ಎರಡನೆಯದಕ್ಕೆ ಅವರು ದರ ನಿಗದಿ ಮಾಡಿಲ್ಲ ಎನ್ನುವುದೇ ನನಗೆ ಆಶ್ಚರ್ಯ.

ಬೀದಿಯಲ್ಲಿ ಅವರನ್ನು ಜುಗ್ಗ ಎನ್ನುವವರಿದ್ದಾರೆ. ಎಸ್ಸೆಮ್ಮೆಸ್ ಕಳಿಸಿದ್ದಕ್ಕೂ ಬ್ಯಾಂಕು ದುಡ್ಡು ಮುರಿದುಕೊಂಡರೆ ತೆಪ್ಪಗಿರುವವರು, ಹತ್ತು ರೂಪಾಯಿಯ ಚೊಂಬಿಗೆ ಮೂರು ದಿನ ಮುನಿಸಿಕೊಳ್ಳುತ್ತಾರೆ. ನನ್ನ ಮಟ್ಟಿಗೆ ಮಾಮನ ಪಟ್ಟಿಯಲ್ಲಿ ಒಂದು ಸಾಲೂ ಅನ್ಯಾಯದ್ದಲ್ಲ.

ದಸರೆಗೆ ಊರಿಗೆ ಹೋಗುವವರು ಈಗಲೇ ಹೇಳಿಡಿ, ಹಬ್ಬದ ವಾರ ದರ ಒಂದೂವರೆ ಪಟ್ಟು. ನನ್ನ ಹೆಸರು ಹೇಳಿದರೆ ರಿಯಾಯಿತಿ ಸಿಗುವುದಿಲ್ಲ. ಶಿಫಾರಸಿಗೂ 5 ರೂಪಾಯಿ ಹಾಕುತ್ತಾರೆ.