ಸರತಿ ಶಾಸನಗಳು: ಪಾಠ, ವ್ಯಾಖ್ಯಾನ, ಶಾಪಾಶಯ

ಕಲ್ಲಿನ ಶಾಸನ ಓದುವವರಿಗೆ ನಮ್ಮಲ್ಲಿ ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಉಂಟು. ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳನ್ನು ಹೊರತಂದ ಮೇಲಂತೂ ಬಾವಿಕಟ್ಟೆಯಲ್ಲಿ ಬಟ್ಟೆ ಒಗೆಯುವ ಚಪ್ಪಡಿಗೂ ಒಂದು ನಂಬರು ಬಿತ್ತು. ಆದರೆ ದಿನದ ಇಪ್ಪತ್ನಾಲ್ಕು ಗಂಟೆಯೂ ಹೊಸದಾಗಿ ಕಂಡರಿಸಲ್ಪಟ್ಟು, ಹೆಚ್ಚೆಂದರೆ ಐದು ದಿನ ಬಾಳಿ, ಪಡಿಯಚ್ಚೂ ಇಲ್ಲದೆ ಅಳಿದುಹೋಗುವ ಇನ್ನೊಂದು ಶಾಸನರಾಶಿಯತ್ತ ನಮ್ಮ ವಿದ್ವಾಂಸರು ಕಣ್ಣೆತ್ತಿ ನೋಡಿಲ್ಲ. ಮೇಲ್ ಸರ್ವರಿನ ಸರತಿಯ ಮಾತು ಹೇಳುತ್ತಿದ್ದೇನೆ. ಅದನ್ನು ಕಾಯುವ ಸಿಸ್ಟಮ್ ಅಡ್ಮಿನ್ ಎಂಬ ಪ್ರಾಣಿಗೆ ಶಾಲು ಹಾಗಿರಲಿ, ಸರಿಯಾದ ಕುರ್ಚಿಯೂ ಇರುವುದಿಲ್ಲ. ಈ ಅನ್ಯಾಯದ ನಿವಾರಣಾರ್ಥ ಪ್ರಸ್ತುತ ಪ್ರಬಂಧ.

ಶಾಸನ ದೊರೆತ ಸ್ಥಳ: ವಾರ್ ಎಂಬ ಹೋಬಳಿ, ಸ್ಪೂಲ್ ಎಂಬ ಗ್ರಾಮ, ಪೋಸ್ಟ್‌ಫಿಕ್ಸ್ ಎಂಬ ಗುಡಿಯ ಒಳಪ್ರಾಕಾರ. ಓದಲು ಅಕ್ಷರಕ್ಕೆ ಹಿಟ್ಟು ಬಳಿಯಬೇಕಿಲ್ಲ, ಮಸಿ ಹಚ್ಚಬೇಕಿಲ್ಲ. ಕಪ್ಪು ಪರದೆಯ ಮುಂದೆ ಕೂತು ಮೇಲ್‌ಕ್ಯೂ ಎಂದು ಟೈಪಿಸಿ ಎಂಟರ್ ಒತ್ತಿದರೆ ಇಡೀ ಶಾಸನಸಮೂಹ ಸರಸರ ಮೇಲೇರಿ ಹೋಗುತ್ತದೆ. ಬಹಳ ಸಲ ಓದುವ ಮೊದಲೇ ಹೋಗುತ್ತದೆ. ಅದಕ್ಕಾಗಿಯೇ ಕೊನೆಗೆ ಲೆಸ್ ಎಂದು ಸೇರಿಸುವ ಪದ್ಧತಿ.

ಸರತಿ ಏಕೆ ಹುಟ್ಟಿತು? ಜಾನ್ ಪೋಸ್ಟೆಲ್ ಅವರು 1982ರಲ್ಲಿ ಬರೆದ ಆರ್‌ಎಫ್‌ಸಿ 821 ಎಂಬ ಮೂಲಗ್ರಂಥದಲ್ಲಿ, ಓಲೆ ಒಯ್ದವನಿಗೆ ಆ ಕಡೆಯ ಬಾಗಿಲಲ್ಲಿ ಮೂರಂಕಿಯ ಉತ್ತರ ಸಿಗಬೇಕೆಂದು ವಿಧಿಸಿದೆ. 2ರಿಂದ ಶುರುವಾದರೆ ಓಲೆ ಒಳಗೆ ಹೋಯಿತು. 5ರಿಂದ ಶುರುವಾದರೆ ‘ಇನ್ನು ಈ ಕಡೆ ತಲೆ ಹಾಕಬೇಡ’. ನಡುವಿನ 4 ಇದೆಯಲ್ಲ, ಅದೇ ಸರತಿಶಾಸ್ತ್ರದ ಬೀಜಾಕ್ಷರ. ಅದರ ಅರ್ಥ ನಮ್ಮ ಜನಕ್ಕೆ ವಿವರಿಸುವ ಅಗತ್ಯವೇ ಇಲ್ಲ, ಒಂದು ಕಾಲಕ್ಕೆ ಮನೆ ಮನೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿರುತ್ತಿತ್ತು: ನಾಳೆ ಬಾ.

ಇದು ಬರಿಯ ಹೋಲಿಕೆಯೆಂದು ತಳ್ಳಿಹಾಕುವ ಪೂರ್ವಪಕ್ಷದವರಿಗೆ ಒಂದು ಪ್ರಮಾಣ ತೋರಿಸುತ್ತೇನೆ. 2003ರಲ್ಲಿ ಇವಾನ್ ಹ್ಯಾರಿಸ್ ಎಂಬವರು ಗ್ರೇಲಿಸ್ಟಿಂಗ್ ಎಂಬ ತಂತ್ರವನ್ನು ಮುಂದಿಟ್ಟರು. ಗುರುತಿಲ್ಲದವನು ಮೊದಲ ಸಲ ಬಾಗಿಲು ತಟ್ಟಿದರೆ, ಒಳಗೆ ಜಾಗವಿದ್ದರೂ ಸುಮ್ಮನೆ 4ರಿಂದ ಶುರುವಾಗುವ ಉತ್ತರ ಕೊಡಬೇಕು. ಸಂಭಾವಿತ ಸರ್ವರಾದರೆ ಓಲೆಯನ್ನು ಸರತಿಯಲ್ಲಿಟ್ಟು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬರುತ್ತದೆ. ಸ್ಪಾಮ್ ಕಳಿಸುವವನಿಗೆ ಅಷ್ಟು ಪುರುಸೊತ್ತಿಲ್ಲ, ಅವನು ಮುಂದಿನ ಮನೆಗೆ ಹೋಗುತ್ತಾನೆ. ನಮ್ಮ ಪದ್ಧತಿಗೂ ಇದಕ್ಕೂ ಇರುವ ಭೇದ ಸೂಕ್ಷ್ಮವಾದದ್ದು. ನಮ್ಮಲ್ಲಿ ಮರುದಿನ ತಪ್ಪದೆ ಮರಳಿ ಬರುವುದೇ ದೆವ್ವ. ಅಲ್ಲಿ ಮರಳಿ ಬಂದರೆ ಮನುಷ್ಯ, ಬಾರದಿದ್ದರೆ ದೆವ್ವ.

ಇನ್ನು ಸಂಪ್ರದಾಯಗಳು. ಆದ್ಯರು ಬರ್ಕ್ಲಿಯ ಎರಿಕ್ ಆಲ್ಮನ್, ಅವರ ಕೃತಿ ಸೆಂಡ್‌ಮೇಲ್. ಇದರಲ್ಲಿ ಪ್ರತಿ ಓಲೆಗೂ ಎರಡು ಕಡತ: ಡಿಎಫ್ ಎಂದು ಮೊದಲಾಗುವುದರಲ್ಲಿ ಓಲೆಯ ಒಡಲು, ಕ್ಯೂಎಫ್ ಎಂದು ಮೊದಲಾಗುವುದರಲ್ಲಿ ಯಾರಿಂದ, ಯಾರಿಗೆ, ಎಷ್ಟು ಸಲ ಅಲೆದಾಟ ಎಂಬ ಕರ್ಮದ ಲೆಕ್ಕ. ದೇಹ ಬೇರೆ, ಜೀವ ಬೇರೆ, ಅಂದರೆ ಶುದ್ಧ ದ್ವೈತ. 1995ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಫಿಲಿಪ್ ಹೇಜಲ್ ಆರಂಭಿಸಿದ ಎಕ್ಸಿಮ್ ಪಂಥವೂ ದ್ವೈತವೇ. ಅಲ್ಲಿ ಕಡತಗಳ ಬಾಲಕ್ಕೆ ಎಚ್ ಮತ್ತು ಡಿ ಎಂಬ ನಾಮ ಬಳಿಯುತ್ತಾರೆ. 1998ರಲ್ಲಿ ಐಬಿಎಂ ಸಂಶೋಧನಾಲಯದಲ್ಲಿದ್ದ ವೀಟ್ಸೆ ವೆನೆಮಾ ಅವರ ಪೋಸ್ಟ್‌ಫಿಕ್ಸ್ ಬಂದು, ಎಲ್ಲವನ್ನೂ ಒಂದೇ ಕಡತದಲ್ಲಿಟ್ಟು ಅದ್ವೈತವನ್ನು ಸ್ಥಾಪಿಸಿತು. ಸೋಜಿಗವೆಂದರೆ ಮೂಲಾಚಾರ್ಯರನ್ನು ಖಂಡಿಸಿಯೇ ಹುಟ್ಟಿದ ಈ ಪಂಥಗಳೆರಡೂ ಇಂದಿಗೂ ಸೆಂಡ್‌ಮೇಲ್ ಎಂದು ಕೂಗಿದರೆ ಓಗೊಡುತ್ತವೆ, ಮೇಲ್‌ಕ್ಯೂ ಎಂದರೆ ಎದ್ದು ನಿಲ್ಲುತ್ತವೆ. ಮಠ ಒಡೆದರೂ ಪೂಜೆಯ ಗಂಟೆ ಒಂದೇ.

ನಾನು ಪೋಸ್ಟ್‌ಫಿಕ್ಸ್ ಪಂಥದವನಾದ್ದರಿಂದ ಉಳಿದ ವಿವೇಚನೆ ಅದರ ಮೇಲೆಯೇ. ಮಾದರಿಗೆ ಒಂದು ಶಾಸನಪಾಠ:

4ಎ91ಸಿ2ಡಿ07* 2318 ಸೋಮ ಮಾರ್ಚ್ 4 10:15:32 ಲೆಕ್ಕಪತ್ರ ವಿಭಾಗ
(ಆ ಕಡೆಯ ಸರ್ವರಿಗೆ ಸಂಪರ್ಕ ಸಿಕ್ಕಲಿಲ್ಲ: ಹೊತ್ತು ಮೀರಿತು)
ಸರಕಿನ ವ್ಯಾಪಾರಿ

ಮೊದಲನೆಯದು ಓಲೆಯ ಗುರುತು. ಸೆಕೆಂಡಿನ ಚೂರನ್ನೂ ಕಡತದ ಐನೋಡ್ ಸಂಖ್ಯೆಯನ್ನೂ ಹದಿನಾರರ ಲೆಕ್ಕದಲ್ಲಿ ಹೊಸೆದು ಮಾಡಿದ ಹಗ್ಗ. ಕಲ್ಲಿನ ನೆತ್ತಿಯ ಮೇಲೆ ಸೂರ್ಯಚಂದ್ರರನ್ನು ಕೆತ್ತುವಂತೆ ಇಲ್ಲಿ ಒಂದು ನಕ್ಷತ್ರ. ಸೂರ್ಯಚಂದ್ರರಿದ್ದರೆ ದತ್ತಿ ಅವರಿರುವ ತನಕ ನಡೆಯಲಿ ಎಂದರ್ಥ. ನಕ್ಷತ್ರವಿದ್ದರೆ ಓಲೆ ಈ ಗಳಿಗೆಯಲ್ಲಿ ಹೊರಡುವವರ ಸಾಲಿನಲ್ಲಿದೆ ಎಂದಷ್ಟೇ. ಮುಂದಿನದು ಬೈಟುಗಳ ತೂಕ. ಆಮೇಲೆ ತೇದಿ. ವಾರವಿದೆ, ತಿಂಗಳಿದೆ, ಗಂಟೆ ನಿಮಿಷ ಸೆಕೆಂಡೂ ಇದೆ, ವರ್ಷ ಮಾತ್ರ ಇಲ್ಲ! ಹಲ್ಮಿಡಿ ಶಾಸನದಲ್ಲೂ ತೇದಿಯಿಲ್ಲದೆ ಹೋಗಿ ಎಷ್ಟು ಪಿಎಚ್.ಡಿ.ಗಳಿಗೆ ಅನ್ನವಾಯಿತೆಂಬುದನ್ನು ಬಲ್ಲವರು ಇಲ್ಲಿಯೂ ಆಸೆಪಟ್ಟಾರು. ಆಸೆಗೆ ಆಸ್ಪದವಿಲ್ಲ. ಐದು ದಿನ ಬಾಳುವವನ ಜಾತಕದಲ್ಲಿ ವರ್ಷಫಲ ಯಾರು ಬರೆಯುತ್ತಾರೆ?

ಕೊನೆಗೆ ದಾನಿ ಮತ್ತು ಪ್ರತಿಗ್ರಾಹಿ, ಅವರಿಬ್ಬರ ನಡುವೆ ಕಂಸದಲ್ಲಿ ಶಾಪಾಶಯ. ಅನುಭವಿಗಳ ಮತದಂತೆ ಇಡೀ ಶಾಸನದಲ್ಲಿ ಓದಬೇಕಾದದ್ದು ಈ ಕಂಸವೊಂದೇ, ಯಾರೂ ಓದದೆ ಬಿಡುವುದೂ ಇದನ್ನೇ. ಆ ಕಡೆಯ ಪೆಟ್ಟಿಗೆ ತುಂಬಿದೆಯೋ, ಡಿಎನ್‌ಎಸ್‌ನಲ್ಲಿ ಆ ಊರೇ ಇಲ್ಲವೋ, ನಮ್ಮ ಐಪಿಯನ್ನೇ ಜಾತಿಯಿಂದ ಹೊರಗೆ ಹಾಕಿದ್ದಾರೋ, ಎಲ್ಲ ಅಲ್ಲೇ ಬರೆದಿರುತ್ತದೆ. ಸಾವಿರ ಓಲೆ ನಿಂತಿದ್ದರೂ ಶಾಪ ಸಾಮಾನ್ಯವಾಗಿ ಎರಡೋ ಮೂರೋ ಬಗೆಯದು. ಸರತಿ ಉದ್ದವಾಗಿರುವುದು ರೋಗವಲ್ಲ, ರೋಗಿ ಹೇಳಿಕೊಳ್ಳುತ್ತಿರುವ ದೂರು. ಅದನ್ನು ಕೇಳದೆ ರೋಗಿಯನ್ನೇ ಹೂಳುವ ವೈದ್ಯರಿಗೆ ಈ ಕ್ಷೇತ್ರದಲ್ಲಿ ಕೊರತೆಯಿಲ್ಲ.

ಈ ಘಟ್ಟದಲ್ಲಿ ಸರತಿಯ ಚಲನೆಯನ್ನು ಕುರಿತು ನಡೆದ ಒಂದು ವಾಕ್ಯಾರ್ಥವನ್ನು ದಾಖಲಿಸುವುದು ಯುಕ್ತ. ಸ್ಥಳ ನಾನು ಕೆಲಸಕ್ಕಿದ್ದ ಒಂದು ಕಚೇರಿ.

“ಏನ್ರೀ, ನನ್ನ ಮೇಲ್ ಅವರಿಗೆ ತಲುಪಿಲ್ವಂತೆ?”

“ಕ್ಯೂನಲ್ಲಿದೆ ಸರ್.”

“ಕ್ಯೂನಲ್ಲಿದೆ ಅಂದ್ರೆ ಹೋಗಿದೆ ಅಂತ ತಾನೆ?”

“ಹೋಗೋದಕ್ಕೆ ನಿಂತಿದೆ ಸರ್.”

“ನಿಂತಿದೆ ಅಂದ್ರೆ ಹೋಗಿಲ್ಲ! ತಳ್ರೀ ಅದನ್ನ.”

ಅಧಿಕಾರಿವರ್ಗಕ್ಕೆ ಪ್ರಿಯವಾದ ಈ ‘ತಳ್ಳು’ವಾದಕ್ಕೆ ಆಜ್ಞಾರೂಪ ಉಂಟು: ಪೋಸ್ಟ್‌ಕ್ಯೂ ಮೈನಸ್ ಎಫ್. ನಿಂತವರೆಲ್ಲ ಒಮ್ಮೆಲೇ ಎದ್ದು ಬಾಗಿಲಿಗೆ ನುಗ್ಗುತ್ತಾರೆ. ಬಾಗಿಲು ಮುಚ್ಚಿದ್ದರೆ ಎಲ್ಲರೂ ಬಂದು ಮತ್ತೆ ಕೂರುತ್ತಾರೆ. ತಲುಪಲಾಗದ್ದನ್ನು ಹೀಗೆ ಪದೇ ಪದೇ ತಳ್ಳಿದರೆ ತಲುಪಬಹುದಾದದ್ದೂ ನಿಧಾನವಾಗುತ್ತದೆಂದು ಮೂಲ ಕೈಪಿಡಿಯಲ್ಲೇ ಎಚ್ಚರಿಸಿದ್ದಾರೆ. ತಾನಾಗಿ ಬಿಟ್ಟರೆ ಪೋಸ್ಟ್‌ಫಿಕ್ಸ್‌ನ ನಡೆ ಗಂಭೀರವಾದದ್ದು. ಮೊದಲ ಸೋಲಿನ ಬಳಿಕ 300 ಸೆಕೆಂಡು ಕಾಯುತ್ತದೆ; ಓಲೆಗೆ ವಯಸ್ಸಾದಂತೆ ಕಾಯುವ ಅವಧಿಯೂ ಬೆಳೆದು 4000 ಸೆಕೆಂಡಿಗೆ ಮುಟ್ಟಿ ನಿಲ್ಲುತ್ತದೆ. ಹರೆಯದಲ್ಲಿ ಐದು ನಿಮಿಷಕ್ಕೊಮ್ಮೆ ಬಾಗಿಲಿಗೆ ಓಡುವವನು ಮುಪ್ಪಿನಲ್ಲಿ ಗಂಟೆಗೊಮ್ಮೆ ಕೋಲು ಊರಿಕೊಂಡು ಹೋಗಿಬರುವ ಹಾಗೆ. ಇದನ್ನೆಲ್ಲ ಸಾಹೇಬರಿಗೆ ವಿವರಿಸಿದೆ. ಅವರು ಪೂರ್ತಿ ಕೇಳಿ “ಸರಿ, ತಳ್ಳಿದ್ರಾ?” ಎಂದರು. ತಳ್ಳಿದೆ.

ಓದುವ ಹಕ್ಕು ಎಲ್ಲರಿಗೂ ಉಂಟು. ಅಳಿಸುವ ಹಕ್ಕು ರೂಟ್ ಎಂಬ ಮೂಲಪುರುಷನಿಗೆ ಮಾತ್ರ. ಅವನ ಆಯುಧ ಪೋಸ್ಟ್‌ಸೂಪರ್ ಮೈನಸ್ ಡಿ. ಒಂದು ಗುರುತು ಕೊಟ್ಟರೆ ಒಂದು ಓಲೆ ಹೋಗುತ್ತದೆ. ಒಂದೇ ಜಾತಿಯ ನೂರಾರನ್ನು ಆರಿಸಿ ತೆಗೆಯಲು ಪಂಡಿತರು ದೀರ್ಘಸಮಾಸ ಹೆಣೆಯುತ್ತಾರೆ: ಮೇಲ್‌ಕ್ಯೂ, ಗ್ರೆಪ್, ಆಕ್, ಟಿಆರ್, ಪೋಸ್ಟ್‌ಸೂಪರ್, ನಡುನಡುವೆ ಒಂದೊಂದು ನೆಟ್ಟಗೆರೆ. ಈ ಗೆರೆ ಸಾಕ್ಷಾತ್ ನಮ್ಮ ಹಳೆಯ ಗ್ರಂಥಗಳ ದಂಡವೇ ಆಗಿದ್ದು ಅರ್ಥ ಮಾತ್ರ ತಲೆಕೆಳಗಾಗಿದೆ. ನಮ್ಮಲ್ಲಿ ದಂಡ ಬಂದರೆ ಅಲ್ಲಿ ನಿಲ್ಲಬೇಕು. ಯುನಿಕ್ಸ್‌ನಲ್ಲಿ ದಂಡ ಬಂದರೆ ನಿಲ್ಲದೆ ಮುಂದಿನವನ ಕೈಗೆ ದಾಟಿಸಬೇಕು. ನಡುವಿನ ಟಿಆರ್‌ನ ಕೆಲಸ ನೆತ್ತಿಯ ನಕ್ಷತ್ರವನ್ನು ಕೆರೆದುಹಾಕುವುದು. ಅದನ್ನು ಮರೆತರೆ ಗುರುತು ಹೊಂದದೆ ಆ ಓಲೆ ಉಳಿಯುತ್ತದೆ, ಸಮಾಸವೆಲ್ಲ ದಂಡ.

ಇವೆಲ್ಲ ಬೇಡವೆನ್ನುವವರಿಗೆ ಪ್ರಳಯಸೂತ್ರವೊಂದಿದೆ. ಗುರುತಿನ ಜಾಗದಲ್ಲಿ ಆಲ್ ಎಂದು ಬರೆದರೆ ಸರತಿಯಲ್ಲಿರುವುದೆಲ್ಲ ಹೋಗುತ್ತದೆ. ‘ಖಚಿತವೇ?’ ಎಂದು ಕೇಳುವವರಿಲ್ಲ. ಕೈತಪ್ಪಿ ಹೀಗಾಗದಿರಲೆಂದು ಸೂತ್ರಕಾರರು ಒಂದೇ ಒಂದು ಬೇಲಿ ಹಾಕಿದ್ದಾರೆ: ಆಲ್ ಎಂಬುದನ್ನು ದೊಡ್ಡಕ್ಷರದಲ್ಲೇ ಬರೆಯಬೇಕು. ಈ ಸೂತ್ರದ ಕನ್ನಡ ಅನುವಾದದಲ್ಲಿ ನಾನು ಪೂರ್ತಿ ಸೋತೆ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರವೂ ಇಲ್ಲ, ಚಿಕ್ಕಕ್ಷರವೂ ಇಲ್ಲ. ‘ಆಲ್’ ಎಂದು ಎಷ್ಟು ದಪ್ಪಗೆ ಬರೆದರೂ ಅದು ‘ಆಲ್’. ಸಮಾನತೆಯ ದೃಷ್ಟಿಯಿಂದ ಇದು ಹೆಮ್ಮೆಯ ಸಂಗತಿ, ಸರ್ವರಿನ ದೃಷ್ಟಿಯಿಂದ ಅಪಾಯ. ದತ್ತಿಯನ್ನು ಕೆಡಿಸಿದವರು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುವರೆಂದು ನಮ್ಮ ಕಲ್ಲುಗಳು ಸಾರುತ್ತವೆ. ಪ್ರಳಯಸೂತ್ರ ಪಠಿಸಿದವರ ಪಾಡು ಅಷ್ಟು ದೀರ್ಘವಲ್ಲ. ಮರುದಿನ ಬೆಳಗ್ಗೆ ಸಂಬಳದ ಚೀಟಿ ಬಾರದವರೆಲ್ಲ ಬಾಗಿಲಿಗೆ ಬರುವವರೆಗೆ ಮಾತ್ರ.

ಐದು ದಿನ ಅಲೆದೂ ದಡ ಸೇರದ ಓಲೆಗೆ ವೀರಮರಣ. ಆಗ ಮೇಲರ್ ಡೀಮನ್ ಎಂಬಾತ ಕಳಿಸಿದವರಿಗೆ ಒಂದು ವೀರಗಲ್ಲು ನೆಟ್ಟು ಬರುತ್ತಾನೆ. ಡೀಮನ್ ಎಂದರೆ ದೆವ್ವವೆಂದು ಹೆದರುವವರು ತುಳುನಾಡಿನ ಭೂತಗಳನ್ನು ನೆನೆಯಬೇಕು. ಇದೂ ತೆರೆಮರೆಯಲ್ಲಿದ್ದು ಕಾಯುವ ಜಾತಿಯದೇ. ಈ ಕಲ್ಲಿನ ಲಕ್ಷಣ 2003ರ ಆರ್‌ಎಫ್‌ಸಿ 3464ರಲ್ಲಿ ಉಕ್ತವಾಗಿದೆ, ಮತ್ತು ಅದಕ್ಕೆ ಮೂರು ಪಟ್ಟಿಕೆ! ನಮ್ಮ ವೀರಗಲ್ಲಿನ ಕೆಳಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ಅಲ್ಲಿಯೂ ಮೊದಲ ಭಾಗದಲ್ಲಿ ಎಲ್ಲಿ, ಯಾರ ಕೈಯಲ್ಲಿ ಬಿದ್ದನೆಂಬ ಕಾಳಗದ ಕತೆ ಮನುಷ್ಯರ ಮಾತಿನಲ್ಲಿ. ನಡುವೆ ಯಂತ್ರಗಳಿಗೆ ಮಾತ್ರ ತಿಳಿಯುವ 4.4.1 ಮುಂತಾದ ಅಪ್ಸರಾಭಾಷೆ. ಕೊನೆಯಲ್ಲಿ ಹೋದ ಓಲೆಯೇ ಸುಖಾಸೀನವಾಗಿ ಕೂತಿರುತ್ತದೆ. ನಮ್ಮದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು, ಅದನ್ನು ಮೇಲಿನಿಂದ ಕೆಳಕ್ಕೆ. ಯಾರು ಯಾರಿಂದ ಎತ್ತಿಕೊಂಡರೆಂಬ ಚರ್ಚೆಗೆ ನಾನು ಇಳಿಯುವುದಿಲ್ಲ.

ಇನ್ನು ಉಳಿದದ್ದು ಹೋಲ್ಡ್ ಎಂಬ ತ್ರಿಶಂಕುಲೋಕ. ಅಲ್ಲಿಟ್ಟ ಓಲೆಯ ನೆತ್ತಿಯ ಮೇಲೆ ಆಶ್ಚರ್ಯಸೂಚಕ ಚಿಹ್ನೆ ಬೀಳುತ್ತದೆ. ಅದು ಹೋಗುವುದೂ ಇಲ್ಲ, ಅಲ್ಲಿರುವಷ್ಟು ಕಾಲ ಐದು ದಿನದ ಕಟ್ಟಳೆ ತಾಗಿ ಸಾಯುವುದೂ ಇಲ್ಲ. ಹಿಡಿದಿಡಲು ಪೋಸ್ಟ್‌ಸೂಪರ್ ಮೈನಸ್ ಎಚ್. ಬಿಡಲು ಪೋಸ್ಟ್‌ಸೂಪರ್ ಮೈನಸ್ ಎಚ್. ಮುದ್ರಣದೋಷವಲ್ಲ. ಮೊದಲನೆಯದು ಚಿಕ್ಕ ಎಚ್, ಎರಡನೆಯದು ದೊಡ್ಡ ಎಚ್.

ಒಂದು ರಾತ್ರಿ ನಾನು ಊರಿಗೆ ಹೋಗುವ ಬಸ್ಸಿನಲ್ಲಿದ್ದೆ. ಆಫೀಸಿನಲ್ಲಿ ಹೊಸದಾಗಿ ಸೇರಿದ ಹುಡುಗಿ ಒಬ್ಬಳೇ. ಸಂಜೆ ತಡೆಹಿಡಿದಿದ್ದ ಆಹ್ವಾನಪತ್ರಿಕೆಗಳನ್ನು ಬಿಡಬೇಕಿತ್ತು. ಫೋನಿನಲ್ಲಿ, ಘಾಟಿಯ ತಿರುವಿನಲ್ಲಿ, ಸಿಗ್ನಲ್ ಬಂದು ಹೋಗುವ ನಡುವೆ ಹೇಳಿದೆ: “ನೋಡಮ್ಮ, ಮೈನಸ್ ಎಚ್ ಹಾಕು, ಆಲ್ ಕೊಡು, ದೊಡ್ಡಕ್ಷರ.” ಆಲ್ ಅನ್ನು ಅವಳು ದೊಡ್ಡಕ್ಷರದಲ್ಲೇ ಕೊಟ್ಟಳು. ಎಚ್‌ನ ಗಾತ್ರದ ಬಗ್ಗೆ ನಾನೇನೂ ಹೇಳಿರಲಿಲ್ಲ. ಬಿಡಬೇಕಾದ ಆಹ್ವಾನಗಳ ಜೊತೆಗೆ, ಆ ಹೊತ್ತಿಗೆ ಸರತಿಯಲ್ಲಿದ್ದ ಸಮಸ್ತವೂ ತ್ರಿಶಂಕುಲೋಕ ಸೇರಿತು. “ಎಲ್ಲದಕ್ಕೂ ಆಶ್ಚರ್ಯಸೂಚಕ ಬಂತು ಸರ್, ಕೆಲಸ ಆಯ್ತು ಅಂತ ತಾನೆ?” ಎಂದಳು. ಸಿಗ್ನಲ್ ಹೋಯಿತು.

ಸೋಮವಾರ ನಾನು ಮರಳಿದಾಗ ಅವಳ ಮಾನಿಟರಿನ ಅಂಚಿಗೆ ಸೆಲ್ಲೋಟೇಪಿನಲ್ಲಿ ಒಂದು ಚೀಟಿ ಅಂಟಿತ್ತು. ನನಗೆ ತಿಳಿದ ಮಟ್ಟಿಗೆ ಈ ಶಾಸ್ತ್ರದಲ್ಲಿ ದೊರೆತಿರುವ ಏಕೈಕ ಕನ್ನಡ ಶಾಸನ ಅದು. ನೀಲಿ ಬಾಲ್‌ಪೆನ್ನು, ಗುಂಡು ಅಕ್ಷರ, ಎರಡು ಸಾಲು, ತೇದಿಯಿಲ್ಲ:

ಚಿಕ್ಕ ಎಚ್ ಹಿಡಿ
ದೊಡ್ಡ ಎಚ್ ಬಿಡು

ಅದರ ಕೆಳಗೆ ಬೇರೆ ಕೈಯ ಬರಹದಲ್ಲಿ ಮೂರನೆಯ ಸಾಲೊಂದಿತ್ತು. ಬಹುಶಃ ರಾತ್ರಿ ಪಾಳಿಯ ಸೆಕ್ಯುರಿಟಿಯವರದು: ಇದನ್ನು ಕಿತ್ತವರ ಮೇಲ್ ಹೋಗದಿರಲಿ.