ಡ್ರೈವ್‌ವೇ ಬಾಯಿಯ ದಿಬ್ಬ

ಮೊದಲ ಸ್ನೋ ಬ್ಲೋವರ್‌ನ, ಎಂದರೆ ಹಿಮವನ್ನು ಬಾಚಿ ದೂರ ಎಸೆಯುವ ಯಂತ್ರದ, ಆಯ್ಕೆಯನ್ನು ಕುರಿತ ವಿಚಾರವು ಡ್ರೈವ್‌ವೇಯ, ಅಂದರೆ ಬೀದಿಯಿಂದ ಗ್ಯಾರೇಜಿನ ಬಾಗಿಲಿನವರೆಗೆ ಹಾಸಿರುವ ಖಾಸಗಿ ದಾರಿಯ, ಉದ್ದಗಲಗಳಿಂದ ಆರಂಭವಾಗುವುದು ವಾಡಿಕೆ. ಆದರೆ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಪಶ್ಚಿಮ ತುದಿಯ ಬಫಲೊ ನಗರದ ಆಸುಪಾಸಿನಲ್ಲಿ ದೊಡ್ಡ ಮನೆ ಕೊಂಡವರು ಆ ಉದ್ದಗಲಗಳನ್ನು ಹೆಮ್ಮೆಯ ವಿಷಯವೆಂದು ಎಣಿಸಿರುತ್ತಾರೆಯೇ ಹೊರತು ಗಣಿತದ ವಿಷಯವೆಂದಲ್ಲ. ನೂರು ಅಡಿ ಉದ್ದ, ಇಪ್ಪತ್ತು ಅಡಿ ಅಗಲದ ಡ್ರೈವ್‌ವೇ ಎಂದರೆ 2,000 ಚದರ ಅಡಿ. ಬೆಂಗಳೂರಿನಲ್ಲಿ ಮೂವತ್ತು–ನಲವತ್ತರ ಸೈಟಿಗಾಗಿ ಅರ್ಧ ಆಯುಷ್ಯ ಕಂತು ಕಟ್ಟಿದ ಮನೆತನದಿಂದ ಬಂದ ಕನ್ನಡಿಗರಿಗೆ, ಕಾರು ಹಾಯುವುದಕ್ಕೆಂದೇ ಒಂದೂವರೆ ಸೈಟಿಗಿಂತ ಹೆಚ್ಚು ಜಾಗ ಬಿಟ್ಟಿರುವುದು ಮೇ ತಿಂಗಳಲ್ಲಿ ಐಶ್ವರ್ಯವಾಗಿಯೇ ಕಾಣುತ್ತದೆ. ಡಿಸೆಂಬರಿನಲ್ಲಿ ಅದೇ ಜಾಗದ ಮೇಲೆ ಒಂದಡಿ ಹಿಮ ಬಿದ್ದಾಗ, ಹೊಸ ಹಿಮದಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ ನೀರು, ಮಿಕ್ಕದ್ದು ಗಾಳಿ ಎಂಬ ಸಮಾಧಾನದ ಲೆಕ್ಕವನ್ನು ಒಪ್ಪಿಕೊಂಡರೂ, ತೆಗೆಯಬೇಕಾದ ಭಾರ ಐದೂವರೆ ಟನ್ನಿಗೆ ಕಡಿಮೆಯಾಗುವುದಿಲ್ಲ. ಅಷ್ಟನ್ನೂ ಸಲಿಕೆಯಿಂದ ಎತ್ತಿ ಹಾಕುವುದು ಒಳ್ಳೆಯ ವ್ಯಾಯಾಮವೆಂದು ಪ್ರತಿಪಾದಿಸುವವರು ಬಹುಮಟ್ಟಿಗೆ ಅಪಾರ್ಟ್‌ಮೆಂಟ್ ವಾಸಿಗಳು. ಹೃದ್ರೋಗ ತಜ್ಞರ ಅಭಿಪ್ರಾಯ ಇದಕ್ಕೆ ತೀರ ವಿರುದ್ಧವಾಗಿದೆ.

ಬಫಲೊ ಪ್ರಾಂತ್ಯದ ಹಿಮಕ್ಕೆ ಏರಿ ಸರೋವರವೇ ಮೂಲ. ಇನ್ನೂ ಹೆಪ್ಪುಗಟ್ಟದ ಸರೋವರದ ಉದ್ದಕ್ಕೂ ಬೀಸುವ ಕೊರೆಗಾಳಿಯು ನೀರಿನಿಂದ ಶಾಖವನ್ನೂ ತೇವವನ್ನೂ ಹೀರಿಕೊಂಡು, ದಡ ಮುಟ್ಟಿದೊಡನೆ ಕಿರಿದಾದ ಪಟ್ಟಿಗಳಲ್ಲಿ ಸುರಿಸಿಬಿಡುವ ಈ ವಿದ್ಯಮಾನಕ್ಕೆ ‘ಲೇಕ್ ಎಫೆಕ್ಟ್’ ಎಂದು ಹೆಸರು. ಪಟ್ಟಿ ಕಿರಿದಾದುದರಿಂದ ಊರಿನ ಒಂದು ಬಡಾವಣೆ ಹೂತುಹೋಗಿರುವಾಗ ಕೆಲವೇ ಮೈಲಿಯಾಚೆಯ ಬಡಾವಣೆಯವರು ಒಣ ರಸ್ತೆಯಲ್ಲಿ ನಾಯಿಯನ್ನು ಅಡ್ಡಾಡಿಸುತ್ತಿರುವುದು ಸಾಧ್ಯ. 2022ರ ನವೆಂಬರಿನಲ್ಲಿ ನಗರದ ದಕ್ಷಿಣಕ್ಕಿರುವ ಆರ್ಚರ್ಡ್ ಪಾರ್ಕಿನಲ್ಲಿ ಆರಡಿಗೂ ಮೀರಿ ಹಿಮ ಬಿದ್ದಿತ್ತು. ಆದ್ದರಿಂದ ಬೇರೆ ಬಡಾವಣೆಯ ಸ್ನೇಹಿತರು ಯಂತ್ರದ ಬಗ್ಗೆ ಕೊಡುವ ಸಲಹೆಯನ್ನು ಅವರ ಬಡಾವಣೆಗೆ ಮಾತ್ರ ಸತ್ಯವೆಂದು ಗ್ರಹಿಸುವುದು ಕ್ಷೇಮ.

ಈ ಯಂತ್ರವು ಮೊದಲು ಮನೆವಾರ್ತೆಗೆಂದು ಹುಟ್ಟಿದ್ದಲ್ಲ. ಕೆನಡದ ಕ್ವಿಬೆಕ್ ಪ್ರಾಂತ್ಯದ ಆರ್ಥರ್ ಸಿಕಾರ್ 1925ರಲ್ಲಿ ರೂಪಿಸಿದ್ದು ಲಾರಿಗೆ ಜೋಡಿಸುವಂಥದು, 1927ರಲ್ಲಿ ಅದನ್ನು ಕೊಂಡದ್ದು ಮಾಂಟ್ರಿಯಲ್ ಮಗ್ಗುಲಿನ ಊಟ್ರಮಾಂಟ್ ಪಟ್ಟಣ. ಮನೆಯವರು ತಾವೇ ತಳ್ಳಿಕೊಂಡು ಹೋಗುವ ಗಾತ್ರಕ್ಕೆ ಅದು ಇಳಿದ ಮೇಲೆ ಎರಡು ಮುಖ್ಯ ಪಂಗಡಗಳಾಗಿ ನಿಂತಿತು. ಮೊದಲನೆಯದು ‘ಸಿಂಗಲ್ ಸ್ಟೇಜ್’: ಇದರಲ್ಲಿ ರಬ್ಬರಿನ ಅಂಚುಳ್ಳ ಒಂದೇ ಉರುಳೆಯು ನೆಲವನ್ನು ಸವರುತ್ತ ಹಿಮವನ್ನು ಬಾಚುತ್ತದೆ, ತಾನೇ ಎಸೆಯುತ್ತದೆ, ನಾಲ್ಕಾರು ಅಂಗುಲದ ಹಗುರ ಹಿಮಕ್ಕೆ ಇದು ಬಹಳ ಚೊಕ್ಕ, ಜಲ್ಲಿ ಹಾಸಿದ ದಾರಿಯಲ್ಲಿ ಮಾತ್ರ ಜಲ್ಲಿಯನ್ನೂ ಅಷ್ಟೇ ಶ್ರದ್ಧೆಯಿಂದ ಕಿಟಕಿಗಳತ್ತ ರವಾನಿಸುತ್ತದೆ. ಎರಡನೆಯದು ‘ಟೂ ಸ್ಟೇಜ್’: ಇಲ್ಲಿ ಆಗರ್ ಎಂಬ ಹಲ್ಲುಳ್ಳ ಉಕ್ಕಿನ ತಿರುಪು ಹಿಮವನ್ನು ಕಡಿದು ಒಳಗೆಳೆದರೆ, ಹಿಂದಿರುವ ಇಂಪೆಲ್ಲರ್ ಎಂಬ ವೇಗದ ರೆಕ್ಕೆಚಕ್ರವು ಅದನ್ನು ಮೇಲಿನ ಕೊಳವೆಯ ಮೂಲಕ ಮೂವತ್ತು ನಲವತ್ತು ಅಡಿ ದೂರಕ್ಕೆ ಚಿಮ್ಮುತ್ತದೆ, ಚಕ್ರಗಳನ್ನು ಎಂಜಿನ್ನೇ ಉರುಳಿಸುವುದರಿಂದ ತಳ್ಳುವ ಶ್ರಮವೂ ಇಲ್ಲ. ಸ್ಕಿಡ್ ಶೂ ಎಂಬ ಪಕ್ಕದ ಲೋಹದ ಪಾದಗಳನ್ನು ಹೊಂದಿಸಿ ಯಂತ್ರದ ಬಾಯನ್ನು ನೆಲದಿಂದ ಕೊಂಚ ಎತ್ತರಿಸಬಹುದಾದ್ದರಿಂದ ಜಲ್ಲಿಯ ದಾರಿಗೂ ಇದೇ ಸರಿ.

ಇಷ್ಟು ತಿಳಿದ ಗ್ರಾಹಕರು ಅಂಗಡಿಯಲ್ಲಿ ಬಾಯಿಯ ಅಗಲವನ್ನು ಮುಂದಿಟ್ಟುಕೊಂಡು ಭಾಗಾಕಾರಕ್ಕೆ ತೊಡಗುತ್ತಾರೆ: 24 ಅಂಗುಲದ ಯಂತ್ರಕ್ಕೆ ಇಪ್ಪತ್ತಡಿ ಅಗಲವನ್ನು ಮುಗಿಸಲು ಹತ್ತು ಸಾಲು ಬೇಕು, 30 ಅಂಗುಲದ್ದಕ್ಕೆ ಎಂಟು ಸಾಕು. ಉಳಿಯುವ ಆ ಎರಡು ಸಾಲಿಗಾಗಿ ಎಷ್ಟು ಡಾಲರ್ ಹೆಚ್ಚಿಗೆ ಕೊಡಬಹುದೆಂಬ ಪ್ರಶ್ನೆಯ ಮೇಲೆ ದಂಪತಿಗಳ ನಡುವೆ ನಡೆಯುವ ಸಂವಾದವು ಅಂಗಡಿಯ ಮಾರಾಟಗಾರನಿಗೆ ಭಾಷೆ ಬಾರದಿದ್ದರೂ ಅರ್ಥವಾಗುತ್ತದೆ. ಆದರೆ ಈ ಭಾಗಾಕಾರದ ದೋಷವೆಂದರೆ, ಅದು ಆಕಾಶದಿಂದ ಬೀಳುವ ಹಿಮವನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತದೆ. ಯಂತ್ರದ ನಿಜವಾದ ಎದುರಾಳಿ ಬರುವುದು ಬೀದಿಯಿಂದ. ಮುಂದೆ ಓರೆಯಾದ ಅಲಗು ಕಟ್ಟಿಕೊಂಡ ಊರಾಡಳಿತದ ಪ್ಲೌ ಲಾರಿಯು ರಸ್ತೆಯ ಹಿಮವನ್ನೆಲ್ಲ ಬಲಗಡೆಗೆ ತಳ್ಳುತ್ತ ಸಾಗುವಾಗ, ಆ ರಾಶಿಯ ಒಂದು ಪಾಲನ್ನು ಯಾವ ಪಕ್ಷಪಾತವೂ ಇಲ್ಲದೆ ಪ್ರತಿ ಡ್ರೈವ್‌ವೇಯ ಬಾಯಿಗೂ ಹಂಚುತ್ತದೆ. ಚಕ್ರಗಳಡಿ ನುರಿದು, ಉಪ್ಪು ಬೆರೆತು, ಅಲಗಿನಿಂದ ಒತ್ತಿಸಿಕೊಂಡ ಈ ದಿಬ್ಬದಲ್ಲಿ ಹತ್ತರಲ್ಲೊಂದು ಪಾಲಿನ ಸಮಾಧಾನದ ಲೆಕ್ಕ ನಡೆಯುವುದಿಲ್ಲ. ಅದು ಗಾಳಿಯನ್ನು ಬಹುಪಾಲು ಕಳೆದುಕೊಂಡು, ರಾತ್ರಿ ಕಳೆಯುವಷ್ಟರಲ್ಲಿ ಕಲ್ಲಿನ ಸ್ವಭಾವವನ್ನು ಪಡೆದಿರುತ್ತದೆ. ನೂರಡಿ ದಾರಿಯ ತೊಂಬತ್ತೈದು ಅಡಿಯನ್ನು ಹಾಡುತ್ತ ಮುಗಿಸಿದ ಸಣ್ಣ ಯಂತ್ರವು ಕೊನೆಯ ಐದಡಿಯೆದುರು ನಿಂತು ನಡುಗುವ ದೃಶ್ಯ ಆ ಪ್ರಾಂತ್ಯದಲ್ಲಿ ಅಪರೂಪವಲ್ಲ. ಆದ್ದರಿಂದ ದೊಡ್ಡ ಡ್ರೈವ್‌ವೇಗೆ ದೊಡ್ಡ ಯಂತ್ರ ಎಂಬ ಸೂತ್ರವನ್ನು ತುಸು ತಿದ್ದಿ, ಅಗಲದ ಆಸೆಯನ್ನು ಎಂಜಿನ್ನಿನ ಬಲಕ್ಕೆ ಬಿಟ್ಟುಕೊಟ್ಟು, ಆ ಐದಡಿಗಾಗಿಯೇ ಟೂ ಸ್ಟೇಜ್ ಯಂತ್ರವನ್ನು ಆರಿಸುವುದೇ ವಿವೇಕ.

ಪೆಟ್ರೋಲೋ ಬ್ಯಾಟರಿಯೋ ಎಂಬ ವಾದವನ್ನು ಇಲ್ಲಿ ಬೆಳೆಸಬೇಕಾಗಿಲ್ಲ. ಬ್ಯಾಟರಿಯದು ಸದ್ದಿಲ್ಲದ ಸಂಸಾರ, ಆದರೆ ಉದ್ದ ದಾರಿಯ ನಡುವೆ ಮುಗಿದರೆ ಚಾರ್ಜಾಗುವವರೆಗೆ ಕಾಫಿ ಕುಡಿಯಬೇಕು; ಪೆಟ್ರೋಲಿನದು ದೀರ್ಘ ಉಸಿರು, ಆದರೆ ಬೇಸಿಗೆಯುದ್ದಕ್ಕೂ ಟ್ಯಾಂಕಿನಲ್ಲಿ ಹಳೆಯ ಇಂಧನವನ್ನು ಬಿಟ್ಟರೆ ಕಾರ್ಬ್ಯುರೇಟರಿನಲ್ಲಿ ಅಂಟು ಕಟ್ಟಿಕೊಂಡು ಮೊದಲ ಹಿಮದ ದಿನವೇ ಮುನಿಸಿಕೊಳ್ಳುತ್ತದೆ. ಷಿಯರ್ ಪಿನ್ನುಗಳ ಬಗ್ಗೆ ಮಾತ್ರ ಎರಡು ಮಾತು ಅಗತ್ಯ. ಹಿಮದಡಿ ಹೆಪ್ಪುಗಟ್ಟಿದ ಭಾನುವಾರದ ಪತ್ರಿಕೆಯೋ ಕಲ್ಲೋ ಆಗರ್‌ಗೆ ಸಿಕ್ಕಿದಾಗ, ಬೆಲೆಬಾಳುವ ಗೇರುಪೆಟ್ಟಿಗೆಯನ್ನು ಉಳಿಸಿ ತಾವು ಮುರಿದುಕೊಳ್ಳಲೆಂದೇ ಮಾಡಿದ ಅಗ್ಗದ ಮೊಳೆಗಳಿವು, ಕೂಡುಕುಟುಂಬದ ಮನೆಗಳಲ್ಲಿ ಕಿರಿಸೊಸೆಗೆ ವಹಿಸುತ್ತಿದ್ದ ಪಾತ್ರ ಇವುಗಳದು. ಬಿಡಿ ಪಿನ್ನುಗಳನ್ನು ಯಂತ್ರದೊಡನೆಯೇ ಕೊಳ್ಳತಕ್ಕದ್ದು. ಕೊಳವೆಯಲ್ಲಿ ಹಿಮ ಕಟ್ಟಿಕೊಂಡರೆ ಎಂಜಿನ್ ಆರಿಸಿ, ಜೊತೆಗೆ ಕೊಡುವ ಕೋಲಿನಿಂದಲೇ ಬಿಡಿಸಬೇಕು. ಆರಿಸಿದ ಮೇಲೂ ರೆಕ್ಕೆಗಳಲ್ಲಿ ಬಿಗಿತ ಉಳಿದಿರಬಹುದಾದ್ದರಿಂದ ಕೈ ಹಾಕುವುದು ಸಲ್ಲದು, ಈ ವಾಕ್ಯದಲ್ಲಿ ವಿನೋದವೇನೂ ಇಲ್ಲ.

ಬೇಸಿಗೆಯಲ್ಲಿ ಊರಿನಿಂದ ಬರುವ ಹಿರಿಯರು ಗ್ಯಾರೇಜಿನ ಮೂಲೆಯಲ್ಲಿರುವ ಇದನ್ನು ಪವರ್ ಟಿಲ್ಲರ್ ಎಂದೇ ಭಾವಿಸಿ, ಗದ್ದೆ ಎಷ್ಟು ದೂರವೆಂದು ವಿಚಾರಿಸುವುದುಂಟು.

ದಿಬ್ಬದ ವಿಷಯದಲ್ಲಿ ಯಂತ್ರಕ್ಕಿಂತ ಅಗ್ಗದ ಉಪಾಯವೊಂದನ್ನು ಅಲ್ಲಿನ ರಸ್ತೆ ಇಲಾಖೆಗಳೇ ಸೂಚಿಸುತ್ತವೆ. ಅಮೆರಿಕದಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಚಲಿಸುವುದರಿಂದ, ಮನೆಯ ಯಜಮಾನ ಬೀದಿಗೆ ಮುಖ ಮಾಡಿ ನಿಂತಾಗ ಪ್ಲೌ ಬರುವುದು ಅವನ ಎಡದಿಂದ. ಡ್ರೈವ್‌ವೇಯ ಎಡಕ್ಕೆ ರಸ್ತೆಯಂಚಿನಲ್ಲಿ ಕೆಲವು ಅಡಿ ಜಾಗವನ್ನು ಮೊದಲೇ ತೆರವುಗೊಳಿಸಿದ್ದರೆ, ಲಾರಿಯು ತನ್ನ ಹೊರೆಯನ್ನು ಅಲ್ಲಿಯೇ ಇಳಿಸಿ ಬಾಯಿಯನ್ನು ಸಾಕಷ್ಟು ಹಗುರವಾಗಿ ದಾಟುತ್ತದೆ. ಸೈಟುಗಳು ಒತ್ತಾಗಿರುವ ಬೀದಿಗಳಲ್ಲಿ ಆ ಎಡಭಾಗವು ಪಕ್ಕದ ಮನೆಯವರ ಹುಲ್ಲುಹಾಸಾಗಿರುತ್ತದೆ, ಮತ್ತು ಅವರ ಯಂತ್ರ ಸಾಮಾನ್ಯವಾಗಿ 30 ಅಂಗುಲದ್ದಾಗಿರುತ್ತದೆ.