ದುಭಾಷಿಯ ಪಕ್ಷ

ರಾಷ್ಟ್ರೀಯ ನಾಯಕರ ಬಗ್ಗೆ ನನಗೆ ಖಡಾಖಂಡಿತ ಅಭಿಪ್ರಾಯಗಳಿವೆ. ತೊಂದರೆ ಏನೆಂದರೆ, ಅವುಗಳಲ್ಲಿ ಮುಕ್ಕಾಲು ಪಾಲು ಅವರ ಭಾಷಣವನ್ನು ಕನ್ನಡಕ್ಕೆ ಇಳಿಸುವ ದುಭಾಷಿಯ ಮೇಲಿನವು. ನನ್ನ ಹಿಂದಿ ಸಿನಿಮಾ ಹಾಡಿನ ಮಟ್ಟದ್ದು. ಹೀಗಾಗಿ ದಿಲ್ಲಿಯವರು ಕೈ ಬೀಸಿ ಗುಡುಗುವಾಗ ನನ್ನ ಕಣ್ಣು ಪಕ್ಕದ ಮೈಕಿನ ಮುಂದೆ ಬೆವರು ಒರೆಸಿಕೊಳ್ಳುತ್ತ ನಿಂತ ನಮ್ಮವನ ಮೇಲೆ.

ನಾಯಕರು ಐದು ನಿಮಿಷ ಅರ್ಥಶಾಸ್ತ್ರ ಕೊರೆದದ್ದನ್ನು "ದೇಶ ಮುಂದೆ ಬರ್ತದೆ ಅಂತಾರೆ" ಎಂದು ಮುಗಿಸುವ ದುಭಾಷಿಗಳಿದ್ದಾರೆ. ಇವರು ಟಿಕೆಟ್ ಸಿಗದೆ ಮುನಿಸಿಕೊಂಡವರೆಂದು ನನ್ನ ಗುಮಾನಿ. ಟಿಕೆಟ್ಟಿನ ಆಸೆ ಇನ್ನೂ ಇರುವವರದು ಬೇರೆ ವರಸೆ. ನಾಯಕರು "ಭಾಯಿಯೋ ಔರ್ ಬಹನೋ" ಎಂದರೆ ಸಾಕು, ತಾಲ್ಲೂಕಿನ ಕೆರೆ, ಮೆಣಸಿನಕಾಯಿ ರೇಟು, ಎದುರಾಳಿಯ ಅಪ್ಪ, ಎಲ್ಲವನ್ನೂ ಅದರೊಳಗಿಂದಲೇ ಅನುವಾದಿಸಿ ತೆಗೆಯುತ್ತಾರೆ. ಚಪ್ಪಾಳೆ ಬೀಳುತ್ತದೆ. ನಾಯಕರು ತಮಗೇ ಎಂದುಕೊಂಡು ಕೈ ಮುಗಿಯುತ್ತಾರೆ.

ಹಾಗಂತ ಅವರೇ ಕನ್ನಡ ಮಾತಾಡಿದರೆ ಓಟು ಬೀಳುತ್ತದೆಯೇ? ಆ ಪರೀಕ್ಷೆ ನಡೆದದ್ದು ನಮ್ಮ ಬಳ್ಳಾರಿಯಲ್ಲೇ. 1999ರಲ್ಲಿ ಸೋನಿಯಾ ಗಾಂಧಿ ಇಲ್ಲಿ ನಾಮಪತ್ರ ಹಾಕಿದರು. ಎದುರಿಗೆ ಸುಷ್ಮಾ ಸ್ವರಾಜ್. ನಮ್ಮ ಕಾನ್ವೆಂಟ್ ಮಕ್ಕಳು ಹತ್ತು ವರ್ಷ ಕೂತರೂ ಕಲಿಯದ ಕನ್ನಡವನ್ನು ಸುಷ್ಮಾ ಪ್ರಚಾರದ ಗದ್ದಲದಲ್ಲೇ ಕಲಿತು ಭಾಷಣ ಮಾಡಿದರು. ನಮ್ಮ ಅವ್ವ ಆ ಹಣೆಯಗಲ ಕುಂಕುಮಕ್ಕೆ ಮರುಳಾಗಿ, "ಎಷ್ಟು ಚಂದ ಮಾತಾಡ್ತಾಳ!" ಎಂದು ಓಣಿಗೆಲ್ಲ ಹೇಳಿ, ಸೀದಾ ಹೋಗಿ ಕೈಗೆ ಓಟು ಹಾಕಿ ಬಂದಳು. ಕೇಳಿದರೆ, "ಹೊಗಳೋದು ಬ್ಯಾರೆ, ಓಟು ಬ್ಯಾರೆ. ಇಂದಿರಮ್ಮನ ಸೊಸಿ ಬಾಗಲಿಗೆ ಬಂದಾಳ, ಉಡಿ ತುಂಬಲಾರದ ಕಳಸ್ತೀ ಏನು?"

ಸುಮಾರು 56 ಸಾವಿರ ಓಟಿನ ಉಡಿ ತುಂಬಿಸಿಕೊಂಡ ಸೊಸೆ ಅಮೇಥಿಯನ್ನು ಇಟ್ಟುಕೊಂಡು ಬಳ್ಳಾರಿಯನ್ನು ಬಿಟ್ಟರು. ಸೋತ ಸುಷ್ಮಾ ಮಾತ್ರ ವರಮಹಾಲಕ್ಷ್ಮಿ ಪೂಜೆಗೆಂದು ವರ್ಷ ವರ್ಷ ಬರುತ್ತಿದ್ದರು. ಕೊನೆಗೆ ಅದೂ ನಿಂತಿತು. ಅತ್ತೆಯದೂ ಇದೇ ದಾರಿಯಿತ್ತಲ್ಲ. 1978ರ ಉಪಚುನಾವಣೆಯಲ್ಲಿ ಚಿಕ್ಕಮಗಳೂರು ಅವರನ್ನು ವೀರೇಂದ್ರ ಪಾಟೀಲರ ಎದುರು ಗೆಲ್ಲಿಸಿತು. 1980ಕ್ಕೆ ಅವರು ನಿಂತದ್ದು ರಾಯ್‌ಬರೇಲಿ ಮತ್ತು ಮೇದಕ್‌ನಲ್ಲಿ. ದಿಲ್ಲಿಯವರಿಗೆ ನಾವು ಗುಂತಕಲ್ ಜಂಕ್ಷನ್ ಇದ್ದ ಹಾಗೆ. ಇಳಿಯುವುದು ರೈಲು ಬದಲಿಸಲಿಕ್ಕೆ.

ನಮ್ಮವರು ಅಲ್ಲಿಗೆ ಹೋದದ್ದೂ ಉಂಟು. ಪ್ರಧಾನಿಯಾದ ಎರಡೂವರೆ ತಿಂಗಳಿಗೆ, 1996ರ ಆಗಸ್ಟ್ 15ರಂದು, ದೇವೇಗೌಡರು ಕನ್ನಡ ಲಿಪಿಯಲ್ಲಿ ಬರೆದುಕೊಂಡ ಹಿಂದಿಯನ್ನು ಕೆಂಪುಕೋಟೆಯ ಮೇಲಿಂದ ಓದಿದರು. ಪಾಪ, ಅವರ ಪಕ್ಕದಲ್ಲಿ ದುಭಾಷಿ ಇರಲಿಲ್ಲ. ಈಗ ಯಾವ ಪಕ್ಷದವರೇ ಬಂದು ಚೀಟಿ ನೋಡಿ "ಎಲ್ಲರಿಗೂ ನಮಸ್ಕಾರ್" ಎನ್ನಲಿ, ನಾವು ಶಿಳ್ಳೆ ಹೊಡೆಯುತ್ತೇವೆ. ಆಮೇಲೆ ಒಂದು ತಾಸು ಅರ್ಥವಾಗದ್ದನ್ನು ಕೇಳಿಸಿಕೊಳ್ಳಲು ಅಷ್ಟು ಮುಂಗಡ ಸಾಕು.

2024ರ ಚುನಾವಣೆಯಲ್ಲಿ ನಮ್ಮಲ್ಲಿ ಮತದಾನ ನಡೆದದ್ದು ಮೇ 7ಕ್ಕೆ. ಪ್ರಚಾರವೆಂದರೆ ಏಪ್ರಿಲ್ ಬಿಸಿಲು. ಬಳ್ಳಾರಿಯ ಬಂಡೆಗುಡ್ಡ ರಾತ್ರಿಯೂ ಆರುವುದಿಲ್ಲ. ಅಂಥ ಹೊತ್ತಿನಲ್ಲಿ ಟೀವಿಯಲ್ಲಿ ಒಬ್ಬ ದೊಡ್ಡ ನಾಯಕರಿಗೆ ಅಭಿಮಾನಿಗಳು ತಲೆಗೆ ಮೈಸೂರು ಪೇಟ ಇಟ್ಟು, ಕೈಗೆ ಬೆಳ್ಳಿ ಗದೆ ಕೊಟ್ಟು, ಮೇಲೊಂದು ಕರಿಕಂಬಳಿ ಹೊದಿಸಿದರು. ಪೇಟದ ಜರಿಯಿಂದ ಇಳಿದ ಬೆವರು ಕಿವಿಯ ಹಿಂದಿನಿಂದ ಹಾದು ಕಂಬಳಿಯೊಳಗೆ ಮಾಯವಾಯಿತು. ಒರೆಸಿಕೊಳ್ಳಲು ಕೈ ಖಾಲಿಯಿಲ್ಲ, ಗದೆಯಿದೆ. ಆದರೂ ಮುಖದ ನಗು ಎಳ್ಳಷ್ಟೂ ಕದಲಲಿಲ್ಲ. ಇಂಥ ಸಹನೆಯ ಮನುಷ್ಯ ದೇಶವನ್ನಾದರೂ ಹೊತ್ತಾರು ಎಂದು ನಾನು ಕರಗಿಹೋದೆ.

ಜೋಳದ ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿ ಒಮ್ಮೆ ಇಣುಕಿ ನೋಡಿದಳು.

"ಈ ಬಿಸಲಾಗ ಕಂಬಳಿ ಹೊತಗೊಂಡು ಇಷ್ಟು ನಗತಾನಂದ್ರ, ಆ ಖುರ್ಚಿ ಮ್ಯಾಲ ಎಷ್ಟು ಆಸಿ ಇರಬೇಕ್ರಿ ಇವಗ!"